ಕನಸಿನಲ್ಲಿ ತಿದ್ದಿದ ಅಕ್ಕ

ಬಾಗಲಕೋಟೆ
ಫೆಬ್ರವರಿ 31, 2307

ಹಿಂದಿನ ಕಾಲದ ಮಹಾಶಯರೇ,

ದಿನಾಂಕ ನೋಡಿ ನಗಬೇಡಿ. ಫೆಬ್ರವರಿಗೆ ನೀವು ಮಾಡಿದ್ದ ಅನ್ಯಾಯವನ್ನು ನಾವು ಸರಿಪಡಿಸಿದ್ದೇವೆ. ನನ್ನ ಕೆಲವು ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ತಿಳಿಯದಿರುವುದು ನಿಮ್ಮ ತಪ್ಪೇ ಆದರೂ ಕ್ಷಮೆ ಕೇಳುವುದು ಮರ್ಯಾದೆ.

ನಿಮ್ಮ ಬಗ್ಗೆ ನನಗೆ ಗೌರವವಿಲ್ಲ. ಆಯುಷ್ಯದ ಮೂರರಲ್ಲೊಂದು ಪಾಲು ಮಲಗಿ ಕಳೆದಿರಿ. ಪಡೆದದ್ದೇನು? ಓದದೆ ಪರೀಕ್ಷೆಗೆ ಕೂತಂತೆ, ಚಪ್ಪಲಿ ಕಳೆದಂತೆ, ಬಸ್ಸು ತಪ್ಪಿದಂತೆ ಕನಸು ಕಂಡು, ಬೆವರಿ ಎದ್ದು, ನೀರು ಕುಡಿದು, ಮತ್ತೆ ಅದೇ ಬಸ್ಸಿನ ಹಿಂದೆ ಓಡಿದಿರಿ. ಬಸ್ಸೂ ನನ್ನದು, ರಸ್ತೆಯೂ ನನ್ನದು ಎಂದು ನೂರರಲ್ಲಿ ಒಬ್ಬನಿಗೆ ಹೊಳೆಯಿತೇನೋ. ಅವನೂ ಒಂದಿಷ್ಟು ಹಾರಾಡಿ ಬಂದ, ಅಷ್ಟೆ.

ನಮ್ಮಲ್ಲಿ ಮಧ್ಯಾಹ್ನ ಒಂದರಿಂದ ಮೂರರವರೆಗೆ ಊರಿಗೆ ಊರೇ ಮಲಗುತ್ತದೆ. ಕಾಣುವುದೆಲ್ಲ ಎಚ್ಚರಗನಸು, ಅಂದರೆ ಕನಸೆಂದು ಗೊತ್ತಿದ್ದೇ ಕಾಣುವ ಕನಸು. ಅದನ್ನು ಕಲಿಯಲು ದಿನವಿಡೀ ಕಂಡ ಬೋರ್ಡನ್ನೆಲ್ಲ ಎರಡೆರಡು ಸಲ ಓದುವ ರೂಢಿ ಮಾಡಬೇಕು. ಕನಸಿನ ಬೋರ್ಡು ಎರಡನೆಯ ಸಲಕ್ಕೆ ಬದಲಾಗಿರುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ ಬಾಚಣಿಗೆ ಕೂಗಿ ಮಾರಿ ಮೇಲೆ ಬಂದ ನನಗೆ ಇದು ಕೈಗೆ ಹತ್ತಿದ್ದು ನಲವತ್ತಾರನೆಯ ವಯಸ್ಸಿಗೆ. ಖಾನಾವಳಿಯ ಬೋರ್ಡು ಓದಿ, ತಿರುಗಿ ನೋಡಿದರೆ ಪಶು ಆಸ್ಪತ್ರೆ! ಇದು ಕನಸೇ ಎಂದು ಖಾತ್ರಿಯಾಯಿತು. ಬೇಕಿದ್ದರೆ ಸಮುದ್ರವನ್ನೇ ಕರೆಸಬಹುದಿತ್ತು. ನಾನು ಕರೆಸಿದ್ದು ಅಕ್ಕ ನೀಲಗಂಗವ್ವನನ್ನು.

ಅಕ್ಕ ತನ್ನ ಮಗಳ ಮದುವೆಯಲ್ಲಿ ನನ್ನನ್ನು ಬ್ಯಾಂಡಿನವರ ಜೊತೆ ಮೂರನೆಯ ಪಂಕ್ತಿಗೆ ಕೂರಿಸಿದ್ದಳು. ಆಮೇಲೆ ಒಂಬತ್ತು ನಾಗರ ಪಂಚಮಿ ನಾನು ಅವಳನ್ನು ತವರಿಗೆ ಕರೆಯಲಿಲ್ಲ. ಕನಸಿನಲ್ಲಿ ಮೊದಲು ದುರುಗುಟ್ಟಿದಳು. ಕೈ ಮುಗಿಯಲಿ ಎಂದು ನಾನು ಮನಸ್ಸು ಬಿಗಿ ಮಾಡಿದೆ. ಕೈ ಮುಗಿದಳು. "ತಪ್ಪಾತೋ ತಮ್ಮಾ." ಕಣ್ಣೀರು ಸಾಲದೆನಿಸಿ ಮತ್ತೊಮ್ಮೆ ಹೇಳಿಸಿದೆ. ಒಂದು ತಿಂಗಳು, ದಿನಾ ಮಧ್ಯಾಹ್ನ, ಇದೇ ಉದ್ಯೋಗ.

ಹೋದ ಪಂಚಮಿಗೆ ಅಕ್ಕ ಕರೆಯದೆ ತಾನೇ ಬಂದಳು. ಎಚ್ಚರದಲ್ಲಿ, ಮೈಕೈ ಸಮೇತ, ಉಂಡಿ ಡಬ್ಬಿ ಹಿಡಿದು.

"ಅವತ್ತ ಊಟದ ಎಲಿ ಕಮ್ಮಿ ಬಿದ್ದಿದ್ದುವು. ಬೀಗರು ಮೊದಲ ಕೂಡ್ಲಿ, ನೀ ಮನಿ ಮಗ, ತಿಳ್ಕೊಂತಿ ಅಂತ ಮಾಡಿದ್ದೆ. ನೀನರ ಬಂದು ಒಂದ್ ಮಾತು ಬೈಬೇಕಿತ್ತಿಲ್ಲೋ? ಬಾಯಿ ಹೊಲ್ಕೊಂಡು ಕುಂತಿ."

ಇದರಲ್ಲಿ ಅರ್ಧ ನೆಪ, ಕಾಲುಭಾಗ ಬೈಗುಳ, ಉಳಿದದ್ದು ಕ್ಷಮೆ. ನನ್ನ ಕನಸಿನ ಅಕ್ಕ ಇದಕ್ಕಿಂತ ಎಷ್ಟೋ ಚೆನ್ನಾಗಿ ಹೇಳುತ್ತಿದ್ದಳು.

"ಹಂಗಲ್ಲ ಅಕ್ಕಾ," ಎಂದೆ. "ಮೊದಲ ತಪ್ಪಾತು ಅನ್ನು. ಕೈ ಮುಗಿ."

ಅವಳ ಮುಖವನ್ನೇ ನೋಡುತ್ತ ಕಾದೆ. ಕನಸಿನಲ್ಲಿ ಅಷ್ಟು ಸಾಕಾಗುತ್ತಿತ್ತು.

"ಯಾಕೋ, ನಾಟಕಾ ಕಲಸ್ತೀಯೇನು ನನಗ?" ಎಂದವಳೇ ಎದ್ದು ಹೋದಳು. ಡಬ್ಬಿಯನ್ನೂ ಬಿಡಲಿಲ್ಲ.

ಈಗಲೂ ದಿನಾ ಮಧ್ಯಾಹ್ನ ಅಕ್ಕ ಕನಸಿಗೆ ಬರುತ್ತಾಳೆ. ನಾನು ಕೇಳುವ ಮೊದಲೇ ಕೈ ಮುಗಿಯುತ್ತಾಳೆ. ನೋಡಲಾಗುವುದಿಲ್ಲ. ನಿಮ್ಮ ಕನಸಿನ ಜನ ನಿಮ್ಮ ಮಾತು ಕೇಳುತ್ತಿರಲಿಲ್ಲವಂತೆ. ಅದೊಂದರಲ್ಲಿ ಮಾತ್ರ ನೀವು ನಮಗಿಂತ ಮೇಲು, ಅದೂ ಪೆದ್ದುತನದಿಂದ. ಮುಂದೆ ನಿಮ್ಮಲ್ಲಿ ಯಾರಾದರೂ ಈ ವಿದ್ಯೆ ಕಲಿತರೆ ಆನೆ ಕರೆಸಿ, ಬೆಟ್ಟ ಕರೆಸಿ. ಬದುಕಿರುವವರನ್ನು ಮಾತ್ರ ಕರೆಸಬೇಡಿ.

ನಾಳೆ ಮುಧೋಳಕ್ಕೆ, ಅಕ್ಕನ ಮನೆಗೆ ಹೊರಟಿದ್ದೇನೆ. ಬಾಗಿಲು ತೆಗೆಯುತ್ತಾಳೋ, ಹೊರಗೇ ನಿಲ್ಲಿಸಿ ಬೈಯುತ್ತಾಳೋ, ತಿಳಿಯದು. ನೀವು ಮಲಗಿ.

ಚನಮಲ್ಲಪ್ಪ