ಜೋಹಾರ್ ಕಣಿವೆಗೆ ಒಂದೇ ಪರ್ಮಿಟ್

ರೀ,

ಸಾರು ಫ್ರಿಜ್ಜಿನಲ್ಲಿದೆ, ಮೂರು ದಿನಕ್ಕಾಗುತ್ತದೆ. ಆಮೇಲೆ ದಿನಾ ಪರೋಟ ತರಿಸಿದರೆ ನನಗೆ ಗೊತ್ತಾಗುತ್ತದೆ. ಮಾತ್ರೆ ಬೆಳಗ್ಗೆಯೇ ನುಂಗಿ. ಇಲ್ಲಿಯ ಗುರುತಿನ ಚೀಟಿ, ಆ ಸಿವಿಲ್ ಐಡಿ, ಮತ್ತೆ ಪ್ಯಾಂಟಿನ ಜೇಬಿನಲ್ಲೇ ಇತ್ತು, ಟಿವಿ ಪಕ್ಕ ಇಟ್ಟಿದ್ದೇನೆ.

ಈಗ ನಿಜ ಹೇಳಿಬಿಡುತ್ತೇನೆ. ಹಿಮಾಲಯದ ಆ ಕಣಿವೆಗೆ ಹೋಗುವ ನಿಮ್ಮ ಪರ್ಮಿಟ್ಟನ್ನು ಯಾರೂ ತಿರಸ್ಕರಿಸಲಿಲ್ಲ. ನಿಮ್ಮ ಅರ್ಜಿಯನ್ನು ನಾನು ಕಳಿಸಲೇ ಇಲ್ಲ. ಬೀರುವಿನಲ್ಲಿ ನನ್ನ ಸೀರೆಗಳ ಕೆಳಗಿದೆ. ನಿಮ್ಮ ಎದೆನೋವಿಗೆ ಹೆದರಿ ಹೀಗೆ ಮಾಡಿದೆ ಎಂದರೆ ಅರ್ಧ ನಿಜ. ನಿಧಾನವಾಗಿ ನಡೆಯಬಹುದು ಎಂದು ಇಲ್ಲಿ ಜಾಬ್ರಿಯಾದ ಆಸ್ಪತ್ರೆಯ ಡಾಕ್ಟರು ಹೇಳಿದ್ದರು, ಅದನ್ನೂ ಮುಚ್ಚಿಟ್ಟೆ. ಇಪ್ಪತ್ತಾರು ವರ್ಷ ನಿಮ್ಮ ಹಿಂದೆ ನಡೆದಿದ್ದೇನೆ. ಒಮ್ಮೆ ಒಬ್ಬಳೇ ನಡೆಯಬೇಕು ಅನ್ನಿಸಿತು.

ನಿಮಗೆ ಪರ್ಮಿಟ್ ಸಿಗಲಿಲ್ಲ ಎಂದು ಸುಳ್ಳು ಹೇಳಿದಾಗ ನೀವು ಬೈದಿದ್ದರೆ ಸುಲಭವಾಗುತ್ತಿತ್ತು. “ನೀನಾದ್ರೂ ನೋಡ್ಕೊಂಡು ಬಾ ಕಣೇ” ಅಂತ ನನ್ನ ಬ್ಯಾಗು ತುಂಬಿದಿರಿ, ಬೂಟಿನ ಲೇಸು ಕಟ್ಟುವುದನ್ನೂ ಕಲಿಸಿದಿರಿ.

ಆ ಕಣಿವೆಯ ಹಳೆಯ ವ್ಯಾಪಾರಿಗಳ ಕಥೆ ಹೇಳಿದವರೂ ನೀವೇ. ಉಪ್ಪು ಕೊಡುವ ಟಿಬೆಟ್ಟಿನ ಗೆಳೆಯನ ಜೊತೆ ಒಂದು ಕಲ್ಲು ಒಡೆದು ಅರ್ಧರ್ಧ ಇಟ್ಟುಕೊಳ್ಳುತ್ತಿದ್ದರಂತೆ. ಮುಂದೆ ಎರಡೂ ತುಂಡು ಕೂಡಿದರೆ ಮಾತ್ರ ನಂಬಿಕೆ. ಈ ಚೀಟಿಯ ಮೇಲಿರುವುದು ಇಲ್ಲಿಯ ಫಹಾಹೀಲ್ ಕಡಲ ದಂಡೆಯಲ್ಲಿ ನೀವು ಆಯ್ದುಕೊಂಡು ಬಂದ ಕಲ್ಲಿನ ಅರ್ಧ. ಬೆಳಗ್ಗೆ ನೀವು ಡ್ಯೂಟಿಗೆ ಹೋದಮೇಲೆ ಸುತ್ತಿಗೆಯಲ್ಲಿ ಒಡೆದೆ. ಇನ್ನರ್ಧ ನನ್ನ ಬ್ಯಾಗಿನಲ್ಲಿದೆ.

ಹದಿನೆಂಟನೇ ತಾರೀಕಿಗೆ ಬರುತ್ತೇನೆ. ಬಾಗಿಲು ತೆಗೆಯುವಾಗ ನಿಮ್ಮ ಅರ್ಧ ಕೈಯಲ್ಲಿರಲಿ.

ಇಲ್ಲದಿದ್ದರೂ ಬಾಗಿಲು ತೆಗೆಯಿರಿ.

ಬೃಂದಾ