ನಲವತ್ತೊಂದು ಸೆಕೆಂಡು

ಶನಿವಾರ, ಮಾರ್ಚ್ ೧೪

ಪ್ರೀತಿಯ ಗುಬ್ಬಿ,

ಸೋಮವಾರ ನಿನಗೆ ಒಂದು ಪತ್ರ ಬರುತ್ತದೆ. ಇನ್ನು ಆರು ತಿಂಗಳು ನೀನು ಜಠರದ ಕೀಹೋಲ್ ಆಪರೇಷನ್ನುಗಳನ್ನು ಒಬ್ಬಳೇ ಮಾಡುವಂತಿಲ್ಲ, ಹಿರಿಯ ಸರ್ಜನ್ ಒಬ್ಬರು ಪಕ್ಕದಲ್ಲಿ ನಿಂತಿರಬೇಕು ಎಂದು ಅದರಲ್ಲಿರುತ್ತದೆ. ಅದಕ್ಕಿಂತ ಮೊದಲು ಇದು ನಿನ್ನ ಕೈ ಸೇರಲಿ ಎಂದು, ನಾಳೆ ಸಂಜೆ ನಿನ್ನ ಮನೆಗೆ ಬರುವ ಅಮ್ಮನ ಹತ್ತಿರ ಕೊಟ್ಟು ಕಳಿಸುತ್ತಿದ್ದೇನೆ. ಅರ್ಧ ಓದಿ ಫೋನ್ ಮಾಡಬೇಡ. ಪೂರ್ತಿ ಓದು.

ದಿನವಿಡೀ ಇಂಗ್ಲಿಷಿನಲ್ಲಿ ವರದಿ ಬರೆಯುವ ನನಗೆ ಕನ್ನಡದಲ್ಲಿ ಕೈ ಓಡುವುದು ನಿಧಾನ. ಆದರೆ ಇದನ್ನೂ ಇಂಗ್ಲಿಷಿನಲ್ಲಿ ಬರೆದರೆ ಇನ್ನೊಂದು ವರದಿಯೇ ಆಗಿಬಿಡುತ್ತದೆ.

ನಿನಗೆ ಅಂಕ ಹಾಕಿದ ಮೂವರಲ್ಲಿ ನಾನೂ ಒಬ್ಬಳು.

ನಮ್ಮ ಸಮಿತಿಯ ಕೆಲಸ ಹೇಗೆಂದು ನಿನಗೆ ಗೊತ್ತು. ಮಣಿಕಟ್ಟಿನ ನೋವಿನಿಂದ ನಾನು ಕತ್ತರಿ ಕೆಳಗಿಟ್ಟ ಮೇಲೆ ಮೂರು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ವಿಡಿಯೊದಲ್ಲಿ ಹೆಸರಿರುವುದಿಲ್ಲ, ಮುಖವಿರುವುದಿಲ್ಲ, ದನಿಯನ್ನೂ ತೆಗೆದಿರುತ್ತಾರೆ. ಕಾಣುವುದು ಹೊಟ್ಟೆಯ ಒಳಗು, ಎರಡು ಉಪಕರಣಗಳ ತುದಿ, ಅಷ್ಟೇ. ಕೈ ಎಷ್ಟು ಮೃದು, ಎಷ್ಟು ಚಲನೆ ವ್ಯರ್ಥವಾಯಿತು, ಹೊಲಿಗೆ ಎಷ್ಟು ಆಳ ಎಂದು ನೋಡಿ ಐದರಲ್ಲಿ ಅಂಕ ಹಾಕಬೇಕು. ಮೂವರ ಸರಾಸರಿ ಮೂರಕ್ಕಿಂತ ಕೆಳಗೆ ಬಂದರೆ ಆ ಸರ್ಜನ್ನಿಗೆ ಪತ್ರ ಹೋಗುತ್ತದೆ. ಇದು ಯಾರ ಕೈ ಎಂದು ಗುರುತು ಸಿಕ್ಕರೆ ವಿಡಿಯೊವನ್ನು ವಾಪಸ್ ಕೊಡಬೇಕು. ಇದೊಂದೇ ಕಟ್ಟುನಿಟ್ಟಿನ ನಿಯಮ.

ಹತ್ತೊಂಬತ್ತನೆಯ ವಿಡಿಯೊದ ಒಂಬತ್ತನೆಯ ನಿಮಿಷದಲ್ಲಿ ಒಂದು ಗಂಟು ಬಂತು. ಸೂಜಿ ಹಿಡಿದದ್ದು ಬಲಗೈಯಲ್ಲಿ, ಗಂಟು ಸುತ್ತಿದ್ದು ಎಡಗೈಯವರ ಹಾಗೆ. ಎರಡೂ ಒಟ್ಟಿಗಿರುವ ಕೈ ನನಗೆ ಗೊತ್ತಿರುವಂತೆ ಒಂದೇ. ನೀನಾಗ ಮೂರನೆಯ ವರ್ಷದ ಮೆಡಿಕಲ್. ಅಡುಗೆಮನೆಯ ಮೇಜಿನ ಮೇಲೆ ಶೂ ಡಬ್ಬಕ್ಕೆ ತೂತು ಕೊರೆದು, ಒಳಗೊಂದು ಹಳೆಯ ಫೋನನ್ನು ಕ್ಯಾಮೆರಾದಂತೆ ನಿಲ್ಲಿಸಿ, ನಾನು ಈ ಬದಿ, ನೀನು ಆ ಬದಿ. ನಾನು ಮಾಡಿದ್ದನ್ನು ನೀನು ಕಂಡ ಹಾಗೇ ಮಾಡಿದೆ, ಕನ್ನಡಿಯಂತೆ. ಎದುರು ಕೂತು ಕಲಿಸಿದ್ದು ತಪ್ಪೆಂದು ನನಗೆ ಹೊಳೆಯುವಷ್ಟರಲ್ಲಿ ಅದು ನಿನ್ನ ಬೆರಳಿಗೆ ಕೂತುಬಿಟ್ಟಿತ್ತು. ಅಮ್ಮ ಒಲೆಯ ಹತ್ತಿರದಿಂದ, "ಜನರ ಹೊಟ್ಟೆ ಹೊಲಿಯೋದು ಆಮೇಲಾಯ್ತು. ಮೊದಲು ನನ್ನ ದಿಂಬಿನ ಕವರ್ ಹೊಲಿದುಕೊಡಿ, ನೋಡೋಣ" ಎಂದಿದ್ದಳು. ನೀನು ಹೊಲಿದುಕೊಟ್ಟೆ. ನಾನು ಇನ್ನೂ ಕೊಟ್ಟಿಲ್ಲ.

ವಿಡಿಯೊ ನಿಲ್ಲಿಸಿದೆ. ಎದ್ದುಹೋಗಿ ಕಿಟಕಿ ತೆರೆದೆ, ಮತ್ತೆ ಮುಚ್ಚಿದೆ. ವಾಪಸ್ ಕೊಡಬೇಕಿತ್ತು. ಕೊಡಲಿಲ್ಲ. ಬೇರೆ ಯಾರ ಕೈಗಾದರೂ ಹೋದರೆ ನಿನ್ನನ್ನು ಅರಿಯದೆ ಅಂಕ ಕಡಿದುಬಿಡುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಈಗ ಯೋಚಿಸಿದರೆ, ನಾನು ನೋಡಲೇಬೇಕೆಂಬ ಹಟವೂ ಅದರಲ್ಲಿತ್ತು.

ಮೊದಲ ಅರ್ಧ ಗಂಟೆ ಎಷ್ಟು ಚೆನ್ನಾಗಿದೆ, ಗುಬ್ಬಿ. ರಕ್ತನಾಳಗಳನ್ನು ಒಂದೊಂದಾಗಿ ಬಿಡಿಸಿದ ರೀತಿಗೆ ನಾನು ನಾಲ್ಕೂವರೆ ಬರೆದಿದ್ದೆ. ಪಿತ್ತಜನಕಾಂಗದ ಅಂಚಿನಲ್ಲಿ ಹಿಂದಿನ ಯಾವುದೋ ಆಪರೇಷನ್ನಿನ ಎರಡು ಕ್ಲಿಪ್ಪುಗಳು ಮಿನುಗುತ್ತಿದ್ದವು. ಅವನ್ನು ಕಂಡಾಗ ರೋಗಿ ಯಾರೆಂದೂ ತಿಳಿಯಿತು. ನವೆಂಬರಿನಲ್ಲಿ ಒಂದು ಸಂಜೆ ನೀನೇ ಹೇಳಿದ್ದೆ, ಬಸ್ ಡ್ರೈವರ್ ಒಬ್ಬರು, ಹಳೆಯ ಕ್ಲಿಪ್ ಇತ್ತು, ಹಿಂದುಗಡೆ ಎಲ್ಲ ಅಂಟಿಕೊಂಡು ಕಷ್ಟವಾಯಿತು ಎಂದು. ಹೊಲಿಗೆ ಸೋರಿ ಅವರು ಎರಡು ತಿಂಗಳು ವಾರ್ಡಿನಲ್ಲಿ ಮಲಗಿದ್ದು ಆಮೇಲಿನ ಮಾತು.

ಜಠರದ ತುಂಡು ತೆಗೆದು, ಉಳಿದದ್ದಕ್ಕೆ ಸಣ್ಣ ಕರುಳನ್ನು ತಂದು ಕೂಡಿಸುವ ಹೊತ್ತು. ಕರುಳು ತಲುಪುತ್ತಿದೆ, ಆದರೆ ಬಿಗಿಯಾಗಿ. ಅಲ್ಲಿ ನಿನ್ನ ಎರಡೂ ಕೈ ನಿಂತುಬಿಟ್ಟವು. ಉಪಕರಣದ ತುದಿಗಳು ಅಲುಗಲಿಲ್ಲ. ಕ್ಯಾಮೆರಾ ಕೂಡ ಅಲುಗಲಿಲ್ಲ. ನಲವತ್ತೊಂದು ಸೆಕೆಂಡು. ಹನ್ನೊಂದು ಸಲ ನೋಡಿದ್ದೇನೆ, ಪ್ರತಿ ಸಲವೂ ಎಣಿಸಿದ್ದೇನೆ. ಆಮೇಲೆ ನೀನು ಹೊಲಿಯತೊಡಗಿದೆ, ಅವಸರವಾಗಿ. ಮೂಲೆಯ ಮೂರು ಹೊಲಿಗೆ ಆಳಕ್ಕೆ ಇಳಿಯಲಿಲ್ಲ. ಎಳೆತಕ್ಕೆ ಅಂಚು ಬಿಳಚಿಕೊಂಡಿತು. ಸೋರಿದ್ದು ಅಲ್ಲೇ ಇರಬೇಕು.

ಮೂರೂ ಹೊಲಿಗೆಗೆ ಒಂದೂವರೆ ಹಾಕಿದೆ. ಫಾರಂನ ಕೊನೆಯಲ್ಲಿ ಒಂದು ಪ್ರಶ್ನೆ ಇರುತ್ತದೆ: ಅಗತ್ಯವಿದ್ದಾಗ ಸರ್ಜನ್ ಸಹಾಯ ಕೇಳಿದರೇ? ಹೌದು, ಇಲ್ಲ, ತಿಳಿಯುವುದಿಲ್ಲ ಎಂದು ಮೂರು ಚೌಕ. ದನಿಯಿಲ್ಲದ ವಿಡಿಯೊ ನೋಡಿದ ಉಳಿದಿಬ್ಬರೂ ಮೂರನೆಯದಕ್ಕೆ ಗುರುತು ಹಾಕಿದ್ದರು. ನಾನು 'ಇಲ್ಲ' ಎಂದೆ. ಅದಕ್ಕೆ ಇಡೀ ಒಂದು ಅಂಕ ಕಡಿತ. ಇಬ್ಬರ ಲೆಕ್ಕದಲ್ಲಿ ನೀನು ಮೂರರ ಮೇಲಿದ್ದೆ. ನನ್ನದು ಸೇರಿದ ಮೇಲೆ ಕೆಳಗಿಳಿದೆ.

ನಿನ್ನ ಥಿಯೇಟರ್‌ನಿಂದ ಆ ದಿನ ನನಗೆ ಫೋನ್ ಬಂದಿತ್ತೆಂಬುದನ್ನು ನಾನು ಮರೆತಿಲ್ಲ. ಮಾತಾಡಿದವಳು ನಿನ್ನ ನರ್ಸ್. "ಡಾಕ್ಟರ್ ಕೇಳ್ತಿದಾರೆ ಮೇಡಂ, ಕೈ ಒಳಗಿದೆ. ಸ್ಪೀಕರ್‌ಗೆ ಹಾಕ್ಲಾ?" ಎಂದಳು. ನಾನು ಸಭೆಯಲ್ಲಿದ್ದೆ, ಆಮೇಲೆ ಮಾಡುತ್ತೇನೆ ಎಂದೆ. ಹತ್ತು ಜನರ ನಡುವೆ ಕೂತವಳಿಗೆ ಇನ್ನೇನು ಮಾಡಲಾಗುತ್ತಿತ್ತು? ಫೋನ್ ಬಂದದ್ದು ಆಪರೇಷನ್ನಿನ ಯಾವ ಘಟ್ಟದಲ್ಲಿ ಎಂಬುದು ವಿಡಿಯೊದಲ್ಲಿ ಕಾಣುವುದಿಲ್ಲ. ಕಾಣದ್ದಕ್ಕೆ ಅಂಕ ಹಾಕುವಂತಿಲ್ಲ. ಸಂಜೆ ನೀನು, "ಮೀಟಿಂಗ್ ಹೇಗಾಯ್ತಕ್ಕ?" ಎಂದಾಗ ಉದ್ದವಾಯಿತು ಎಂದೆ.

ನೀನು ಫೋನ್ ಮಾಡಿಸಿದ್ದೇ ಒಂದು ದೊಡ್ಡ ಮಾತಾಗಿತ್ತು, ಅದು ನನಗೆ ಗೊತ್ತು. ಬಹಳ ವರ್ಷದ ಹಿಂದೆ ಒಮ್ಮೆ ಹೀಗೇ ಕೇಳಿದಾಗ ನಾನು, "ಇಷ್ಟೂ ಬರಲ್ವಾ ನಿಂಗೆ?" ಎಂದಿದ್ದೆ, ನಿನ್ನ ಜೂನಿಯರುಗಳಿಗೆಲ್ಲ ಕೇಳಿಸುವ ಹಾಗೆ. ಆಮೇಲೆ ನೀನು ಕೇಳುವುದನ್ನೇ ಬಿಟ್ಟಿದ್ದೆ.

ನಾನು ಬಿಗಿಯಾದದ್ದು ಸತ್ಯಕ್ಕಾಗಿಯೋ, ತಂಗಿಯೆಂದು ಸಡಿಲ ಬಿಟ್ಟೆನೆಂದು ನನ್ನ ಮೇಲೆ ನನಗೇ ಅನುಮಾನ ಬರಬಾರದೆಂದೋ, ನಿಜವಾಗಿ ಗೊತ್ತಿಲ್ಲ. ಆ ಮೂರು ಹೊಲಿಗೆಯ ಅಂಕ ಮಾತ್ರ ಸರಿ. ಯಾರ ಕೈಯಾಗಿದ್ದರೂ ಅಷ್ಟೇ ಹಾಕುತ್ತಿದ್ದೆ. ಸಿಟ್ಟು ಮಾಡಿಕೋ, ಆದರೆ ಪಕ್ಕದಲ್ಲಿ ನಿಲ್ಲುವವರ ಮೇಲೆ ತೋರಿಸಬೇಡ.

ನಿನ್ನ
ಅಕ್ಕ

ಮರೆತ ಮಾತು (ಭಾನುವಾರ, ಮಧ್ಯಾಹ್ನ): ಮರೆತದ್ದೇನಲ್ಲ. ಲಕೋಟೆ ಅಂಟಿಸಿಟ್ಟಿದ್ದೆ. ಅಮ್ಮ ಬಂದು ಚಪ್ಪಲಿ ಬಿಡುತ್ತಾ, ಒಂದೇ ಊರಿನಲ್ಲಿರುವ ಅಕ್ಕತಂಗಿಯರ ಮಧ್ಯೆ ಪೋಸ್ಟ್‌ಮ್ಯಾನ್ ಬೇರೆ ಬೇಕಾಯಿತೇ ಎಂದು ನಕ್ಕಳು. ಅವಳ ಎದುರೇ ಲಕೋಟೆ ಹರಿದೆ.

ಆ ದಿನ ಸಭೆ ಇರಲಿಲ್ಲ, ಗುಬ್ಬಿ. ನಾನು ಮನೆಯಲ್ಲಿ ಒಬ್ಬಳೇ ಕೂತು ಟೀ ಕುಡಿಯುತ್ತಿದ್ದೆ. ಅದಕ್ಕೆ ಹಿಂದಿನ ಭಾನುವಾರ ಅಮ್ಮನ ಮನೆಯಲ್ಲಿ ಊಟಕ್ಕೆ ಕೂತಾಗ ನೀನು, "ಅಕ್ಕ ಈಗ ಆಪರೇಷನ್ ಮಾಡಲ್ಲ, ಮಾಡೋರಿಗೆ ಮಾರ್ಕ್ಸ್ ಹಾಕ್ತಾಳೆ" ಎಂದಿದ್ದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ನಿನ್ನ ನರ್ಸ್ ಫೋನ್ ಮಾಡಿದಾಗ, ಮಾಡುವವಳು ಮಾಡಿಕೊಳ್ಳಲಿ ಎಂದುಕೊಂಡೆ. ನಮ್ಮ ಈ ಜಗಳದಲ್ಲಿ ಆ ಬಸ್ ಡ್ರೈವರಿಗೆ ಯಾವ ಪಾಲೂ ಇರಲಿಲ್ಲ.

ಇವತ್ತು ಬೆಳಿಗ್ಗೆ ಫೋನಿನಲ್ಲಿ ಹಿಂದೆ ಹೋಗಿ ಆ ಕರೆಯನ್ನು ಹುಡುಕಿದೆ. ಇನ್ನೂ ಇದೆ. ಕರೆಯ ಅವಧಿ ನಲವತ್ತೊಂದು ಸೆಕೆಂಡು.

ಸಮಿತಿಯ ಅಧ್ಯಕ್ಷರಿಗೆ ಆಗಲೇ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ನನ್ನ ಅಂಕಗಳನ್ನು ತೆಗೆದುಹಾಕುತ್ತಾರೆ, ನನ್ನನ್ನೂ. ಹೊಸಬರೊಬ್ಬರು ಮೊದಲಿಂದ ನೋಡುತ್ತಾರೆ. ಅವರಿಗೆ ನಾನು ತಿಳಿಸಬಹುದಾದ ಸಂಗತಿ ಒಂದೇ ಎಂದು ಅಧ್ಯಕ್ಷರು ಹೇಳಿದರು, ಅದನ್ನು ಬರೆದುಕೊಟ್ಟಿದ್ದೇನೆ: ಸಹಾಯ ಕೇಳಿದ್ದರು. ಸೋಮವಾರ ಆ ಪತ್ರ ಬರುವುದಿಲ್ಲ. ಯಾವಾಗ ಬರುತ್ತದೋ, ಬರುತ್ತದೋ ಇಲ್ಲವೋ, ನನಗೂ ಗೊತ್ತಿಲ್ಲ. ಅಲ್ಲಿಯವರೆಗೆ ಒಬ್ಬಳೇ ಮಾಡಬೇಡ. ಇದು ಸಮಿತಿಯ ಮಾತಲ್ಲ, ನನ್ನದು.

ಕರುಳನ್ನು ಇನ್ನೆರಡು ಬೆರಳಗಲ ಬಿಡಿಸಿಕೊಳ್ಳಬೇಕಿತ್ತು. ಎಳೆತ ತಾನಾಗಿ ಸಡಿಲವಾಗುತ್ತಿತ್ತು. ಇದನ್ನು ಗಟ್ಟಿಯಾಗಿ ಹೇಳಿ ನೋಡಿದೆ. ನಾಲ್ಕು ಸೆಕೆಂಡು ಸಾಕು.