ಅದಲುಬದಲಾದ ಮಕ್ಕಳು

ಹಾಸನ
ಭಾನುವಾರ, ೬-೨-೧೯೩೮

ಪ್ರೀತಿಯ ಅವ್ವನಿಗೆ ನಿನ್ನ ಚಂದ್ರಯ್ಯ ಮಾಡುವ ಶರಣು.

ನಿನ್ನ ಮೊಣಕಾಲು ನೋವು ಹೇಗಿದೆ? ಬಿಸಿ ಉಪ್ಪಿನ ಶಾಖ ಕೊಟ್ಟುಕೊಳ್ಳುತ್ತಿದ್ದೀಯಾ? ಕೊಡದಿದ್ದರೂ ಕೊಟ್ಟೆ ಅನ್ನುವವಳು ನೀನು, ನನಗೇನು ಗೊತ್ತಿಲ್ಲವಾ. ನಾನು ಚೆನ್ನಾಗಿದ್ದೇನೆ ಅಂತ ಬರೆಯಬೇಕು. ಆದರೆ ಈ ಕಾಗದವನ್ನು ಗಾಡಿಯ ದೊಡ್ಡಬೀರಯ್ಯ ನಿನ್ನ ಕೈಗೇ ಕೊಡುತ್ತೇನೆ ಅಂದಿದ್ದಾನೆ, ಅದಕ್ಕೆ ನಿಜ ಬರೆಯುತ್ತಿದ್ದೇನೆ. ತಡವಾದರೂ ಸರಿ, ಅಕ್ಷರ ಕೂಡಿಸಿಕೊಂಡು ನೀನೇ ಓದು. ಅಪ್ಪನ ಕೈಲಿ ಮಾತ್ರ ಓದಿಸಬೇಡ.

ಅಪ್ಪನೂ ಪರಮಶಿವಯ್ಯನವರೂ ಮಕ್ಕಳನ್ನು ಅದಲುಬದಲು ಮಾಡಿಕೊಂಡು ಎಂಟು ತಿಂಗಳಾಯಿತು. ಸ್ವಂತ ಮಗನಿಗೆ ಹೊಡೆಯುವಾಗ ಕೈ ಸೋಲುತ್ತದೆ, ಸ್ನೇಹಿತನ ಮಗನಿಗಾದರೆ ಸೋಲುವುದಿಲ್ಲ, ಹಾಗಾದರೂ ಇಬ್ಬರೂ ಹೈಸ್ಕೂಲು ದಾಟಲಿ ಅಂತ ಆ ಇಬ್ಬರು ಬುದ್ಧಿವಂತರ ಯೋಚನೆ. ಪರಮಶಿವಯ್ಯನವರ ಮಗ ಈಶ್ವರಯ್ಯ ಹೊಳೆನರಸೀಪುರದಲ್ಲಿ ನಿನ್ನ ಹತ್ತಿರ, ನಾನು ಇಲ್ಲಿ ಅವರ ಜವಳಿ ಅಂಗಡಿಯ ಹಿಂದಿನ ಮನೆಯಲ್ಲಿ. ಕೈ ಸೋಲುವುದಿಲ್ಲ ಅನ್ನುವುದೇನೋ ನಿಜವಾಯಿತು. ಬಟ್ಟೆ ಅಳೆಯುವ ಕಬ್ಬಿಣದ ಗಜಕಡ್ಡಿಯಲ್ಲೇ ನನಗೆ ಪಾಠ. ಆಲ್ಜೀಬ್ರಾ ತಪ್ಪಿದರೆ ಬೆನ್ನಿಗೆ, ಇಂಗ್ಲಿಷ್ ತಪ್ಪಿದರೆ ಮಂಡಿಗೆ. ಹೋದ ಸೋಮವಾರ ಎಡಗೈ ಕಿರುಬೆರಳು ಮುರಿಯಿತು. ಬೆರಳು ಲಟ್ಟೆಂದದ್ದು ಅವರಿಗೂ ಕೇಳಿಸಿತು, ಆದರೂ ಇನ್ನೆರಡು ಬಿಟ್ಟರು.

ಅಪ್ಪನ ಕಾರ್ಡು ಬಂದ ದಿನವಂತೂ ಕೇಳಲೇಬೇಡ. ‘ನಿಮ್ಮ ಹುಡುಗನ ಚರ್ಮ ಸುಲಿದಿದ್ದೇನೆ, ಸುಧಾರಿಸುತ್ತಿದ್ದಾನೆ’ ಅಂತ ಅಪ್ಪ ಹೆಮ್ಮೆಯಿಂದ ಬರೆದಿರುತ್ತಾರೆ. ಪರಮಶಿವಯ್ಯನವರು ಅದನ್ನು ಎರಡು ಸಲ ಓದಿ ಜೇಬಿಗಿಟ್ಟುಕೊಂಡು, ‘ಬಾರ್ಲಾ ಇಲ್ಲಿ, ನಿಮ್ಮಪ್ಪ ಬೋ ಒಳ್ಳೆ ಕೆಲ್ಸ ಮಾಡವ್ನೆ’ ಅನ್ನುತ್ತಾರೆ. ತಪ್ಪು ಹುಡುಕುವುದು ಆಮೇಲೆ. ಅಲ್ಲಿ ಅಪ್ಪ ಎತ್ತಿದ ಕೈ ಇಲ್ಲಿ ನನ್ನ ಮೇಲೆ ಬೀಳುತ್ತದೆ ಅವ್ವ. ಇಷ್ಟು ಸಣ್ಣ ವಿಷಯ ಅಪ್ಪನಿಗೆ ಹೊಳೆಯುವುದಿಲ್ಲವಲ್ಲ ಅಂತ ಮೈಯೆಲ್ಲಾ ಉರಿಯುತ್ತದೆ.

ಸ್ಕೂಲಿನಲ್ಲಿ ನನಗೆ ‘ಒತ್ತೆ ಮಾಲು’ ಅಂತ ಹೆಸರಿಟ್ಟಿದ್ದಾರೆ. ಇಟ್ಟವನು ನಂಜಪ್ಪ. ಅವನ ಜುಟ್ಟು ಹಿಡಿದು ಬಾವಿಕಟ್ಟೆಗೆ ಗುದ್ದಿಸಿದೆ. ಹಣೆಗೆ ಮೂರು ಹೊಲಿಗೆ ಬಿತ್ತು. ಅವನು ಅಳುತ್ತಿದ್ದರೆ ನನಗೆ ಸುಖವಾಗುತ್ತಿತ್ತು, ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ. ನಾನೂ ಅಪ್ಪನ ಹಾಗೆ ಆಗುತ್ತೇನೇನೋ ಅಂತ ಭಯ.

ಪರಮಶಿವಯ್ಯನವರ ಹೆಂಡತಿ ಗುರುಸಿದ್ದಮ್ಮನವರು ಇದ್ದಾರೆ ಅಂತ ಉಳಿದಿದ್ದೇನೆ. ಮೊನ್ನೆ ಹಸಿವು ತಡೆಯಲಾರದೆ ಲಿಂಗಪೂಜೆ ಮಾಡದೆಯೇ ಎರಡು ರೊಟ್ಟಿ ತಿಂದುಬಿಟ್ಟೆ. ಬಾಯಲ್ಲಿ ತುತ್ತಿರುವಾಗಲೇ ಯಜಮಾನರು ಒಳಗೆ ಬಂದರು. ‘ಪೂಜೆ ಆಯ್ತು ಅಂದ್ಕಂಡು ನಾನೇ ಕೊಟ್ಟೆ ಕಣ್ರೀ’ ಅಂತ ಆಯಮ್ಮ ಅಡ್ಡ ಬಂದರು. ಗಜಕಡ್ಡಿಯ ಏಟು ಆಯಮ್ಮನ ಕೈಗೆ ಬಿತ್ತು. ಬಳೆ ಒಡೆದು ಚುಚ್ಚಿ ರಕ್ತ ಸೆರಗಿಗೆಲ್ಲಾ ಆಯಿತು. ಸಾಯಂಕಾಲ ಅದೇ ಕೈಯಲ್ಲಿ ನನ್ನ ಬೆನ್ನಿಗೆ ಹರಳೆಣ್ಣೆ ಹಚ್ಚುತ್ತಾ, ‘ನಿಮ್ಮವ್ವ ನನ್ ಮಗೀನ ಇಂಗೇ ನೋಡ್ಕತಾಳೇನ್ಲಾ?’ ಅಂತ ಕೇಳಿದರು. ನನ್ನವ್ವ ನೊಣಕ್ಕೂ ಹೊಡೆಯುವವಳಲ್ಲ ಅಂತ ಕೊರಳ ಲಿಂಗ ಮುಟ್ಟಿ ಹೇಳಿದೆ.

ಅವ್ವ, ಶಿವರಾತ್ರಿಗೆ ನನ್ನನ್ನು ಕರೆಸಿಕೊ. ಮತ್ತೆ ಕಳಿಸಬೇಡ. ಎಮ್ಮೆ ಕಾಯಿ ಅಂದರೆ ಕಾಯುತ್ತೇನೆ. ಅಲ್ಲಿಯವರೆಗೆ ಅಪ್ಪ ಈಶ್ವರಯ್ಯನ ಮೇಲೆ ಕೈ ಎತ್ತಿದರೆ ನೀನು ಅಡ್ಡ ನಿಲ್ಲು. ನಿನ್ನ ಮಾತು ಅಪ್ಪ ತೆಗೆದುಹಾಕುವುದಿಲ್ಲ.

ತಂಗಿ ನೀಲಾಂಬಿಕೆಯ ಕೆನ್ನೆ ನನ್ನ ಪರವಾಗಿ ಹಿಂಡು. ಅಜ್ಜಿಗೆ ಶರಣು ಹೇಳು.

ಯಾವಾಗಲೂ ನಿನ್ನವನೇ ಆದ
ಚಂದ್ರು

ತಾ.ಕ.: ಕಾಗದ ಮಡಿಸುವ ಹೊತ್ತಿಗೆ ದೊಡ್ಡಬೀರಯ್ಯ ಬಂದು ಈಶ್ವರಯ್ಯನ ಚೀಟಿ ಕೊಟ್ಟ. ‘ಉಡ್ಗ ಕುಂತ್ಕಳಕ್ಕೂ ಆಗ್ದೆ ನಿಂತೇ ಉಣ್ತಾ ಅವ್ನೆ ಕಣಪ್ಪಾ’ ಅಂದ. ಪೂಜೆಗೆ ಮುಂಚೆ ಅರ್ಧ ಮುದ್ದೆ ತಿಂದದ್ದಕ್ಕೆ ಎರಡೂ ತೊಡೆಗೆ ಕಾದ ಸೌಟಿನ ಬರೆ ಬಿದ್ದಿದೆಯಂತೆ. ಅಪ್ಪ ಅವತ್ತು ಅರಕಲಗೂಡಿಗೆ ಹೋಗಿದ್ದರಂತೆ. ಎಳೆದವಳು ನೀನಂತೆ. ಚೀಟಿ ನಾಲ್ಕು ಸಲ ಓದಿದೆ. ಈಶ್ವರಯ್ಯನನ್ನು ಇದೇ ಗಾಡಿಯಲ್ಲಿ ಕಳಿಸು, ಕೆಳಗೆ ಹುಲ್ಲು ದಪ್ಪವಾಗಿ ಹಾಕಿಸು. ಗುರುಸಿದ್ದಮ್ಮನವರು ಬಾಗಿಲಲ್ಲಿ ನಿಂತು ‘ನನ್ ಮಗಂದೇನ್ಲಾ?’ ಅಂತ ಕೇಳುತ್ತಿದ್ದಾರೆ. ಚೀಟಿ ಅವರ ಕೈಗೆ ಕೊಡುತ್ತಿದ್ದೇನೆ. ಶಿವರಾತ್ರಿಗೆ ನಾನು ಬರುವುದಿಲ್ಲ.